ಹಾಡು ಜೋರು, ಮಾತು ಮೆಲ್ಲಗೆ: ಸೆಂಟರ್ ಸ್ಪೀಕರ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಹೊಡೆದಾಟ ಬಂದರೆ ಮನೆ ಅದುರುತ್ತದೆ, ಮಾತು ಬಂದರೆ ಕಿವಿ ನಿಮಿರಿಸಿ ಕೂರಬೇಕು. ಸಿನಿಮಾ ಮುಗಿಯುವವರೆಗೂ ರಿಮೋಟ್ ಕೈಯಲ್ಲೇ. ನಮ್ಮದು 5.1 ಸೆಟ್ (ಐದು ಸ್ಪೀಕರ್, ಜೊತೆಗೆ ಸಬ್‌ವೂಫರ್ ಎಂಬ ಒಂದು ಬಾಸ್ ಪೆಟ್ಟಿಗೆ). ಸೆಂಟರ್ ಸ್ಪೀಕರನ್ನು ಟಿವಿ ಯೂನಿಟ್‌ನ ಕೆಳಗಿನ ಖಾನೆಯಲ್ಲಿ ಇಟ್ಟಿದ್ದೇವೆ. ಬೇರೆ ಸ್ಪೀಕರ್ ತಗೊಳ್ಳಬೇಕೇ? (ದಾವಣಗೆರೆ)

ಉತ್ತರ: ಸದ್ಯಕ್ಕೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ‘ಕೆಳಗಿನ ಖಾನೆ’ ಎಂದಿರಲ್ಲ, ಮೊದಲು ಅಲ್ಲಿಂದಲೇ ಶುರು ಮಾಡೋಣ.

5.1 ಚಿತ್ರದಲ್ಲಿ ಸಂಭಾಷಣೆಯ ಬಹುಪಾಲು ಬರುವುದು ಈ ಒಂದೇ ಪೆಟ್ಟಿಗೆಯಿಂದ. ಅದನ್ನು ಮರದ ಗೂಡಿನ ಒಳಕ್ಕೆ ತಳ್ಳಿಟ್ಟರೆ ಎರಡು ತೊಂದರೆ. ಮೊದಲನೆಯದು, ಖಾನೆಯೇ ಖಾಲಿ ಬಿಂದಿಗೆಯ ಹಾಗೆ ಗುಂಯ್‌ಗುಡುತ್ತದೆ. ಗಂಡಸರ ದನಿಯ ತಳಭಾಗ ಉಬ್ಬಿ, ಮಾತಿನ ಮೇಲೆ ಮುಸುಕು ಹಾಕಿದಂತಾಗುತ್ತದೆ. ಎರಡನೆಯದು, ಟ್ವೀಟರ್ (ಹರಿತವಾದ ಸದ್ದು ನುಡಿಸುವ ಪುಟ್ಟ ಭಾಗ) ನಿಮ್ಮ ಮೊಣಕಾಲಿಗೆ ಗುರಿಯಿಟ್ಟಿರುತ್ತದೆ. ಸ, ಶ, ತ, ಟ ಮುಂತಾದ ಅಕ್ಷರಗಳ ಹರಿತವೆಲ್ಲ ಎತ್ತರದ ಆವರ್ತನಗಳಲ್ಲಿದೆ. ಅದು ಕಿವಿಗೆ ನೇರವಾಗಿ ಬರದೆ ಸೋಫಾದ ಬುಡಕ್ಕೆ ಬಡಿಯುತ್ತದೆ. ದನಿ ಕೇಳುತ್ತದೆ, ಪದ ತಿಳಿಯುವುದಿಲ್ಲ. ಆಗ ವಾಲ್ಯೂಮ್ ಏರಿಸುತ್ತೀರಿ, ಮುಂದಿನ ಹೊಡೆದಾಟಕ್ಕೆ ಮನೆ ಅದುರುತ್ತದೆ.

ಸಾಧ್ಯವಾದರೆ ಸ್ಪೀಕರನ್ನು ಯೂನಿಟ್‌ನ ಮೇಲುಹಲಗೆಗೆ, ಟಿವಿಯ ಕೆಳ ಅಂಚಿನ ಹತ್ತಿರಕ್ಕೆ ತನ್ನಿ. ಜಾಗವಿಲ್ಲದಿದ್ದರೆ ಖಾನೆಯಲ್ಲೇ ಇರಲಿ, ಆದರೆ ಅದರ ಮುಖ ಹಲಗೆಯ ಅಂಚಿಗೆ ಸಮನಾಗಿ ಅಥವಾ ಒಂದು ಸೆಂಟಿಮೀಟರ್ ಹೊರಗೆ ಬರುವಷ್ಟು ಮುಂದಕ್ಕೆ ಎಳೆಯಿರಿ. ಅಂಚಿನಿಂದ ನಾಲ್ಕು ಬೆರಳು ಒಳಗಿದ್ದರೂ ಮುಂದಿನ ಹಲಗೆಗೆ ಬಡಿದ ಶಬ್ದ ನೇರ ಶಬ್ದದ ಬೆನ್ನಿಗೇ ಬಂದು ಮಾತನ್ನು ಕದಡುತ್ತದೆ. ಪಕ್ಕದಲ್ಲಿ, ಮೇಲೆ ಉಳಿದ ಖಾಲಿ ಜಾಗಕ್ಕೆ ಹಳೆಯ ಹತ್ತಿ ದಿಂಬು ಅಥವಾ ಫೋಮ್ ತುರುಕಿ. ಪೆಟ್ಟಿಗೆಯ ಹಿಂದೆ ಗಾಳಿಯ ಪೋರ್ಟ್ (ದುಂಡನೆಯ ತೂತು) ಇದ್ದರೆ ಅದಕ್ಕೂ ಗೋಡೆಗೂ ನಡುವೆ ಒಂದು ಗೇಣಿನಷ್ಟಾದರೂ ಬಿಡಿ. ಅಷ್ಟು ಜಾಗ ಸಿಗದಿದ್ದರೆ ಸುರುಳಿ ಸುತ್ತಿದ ಕಾಲುಚೀಲವನ್ನು ಪೋರ್ಟಿಗೆ ತುಂಬಿ. ತಗ್ಗು ಬಾಸ್ ಸ್ವಲ್ಪ ಕಡಿಮೆಯಾಗುತ್ತದೆ, ಅದನ್ನು ಸಬ್‌ವೂಫರ್ ನೋಡಿಕೊಳ್ಳುತ್ತದೆ.

ಈಗ ಕೋನ. ಸೋಫಾದಲ್ಲಿ ಕೂತಾಗ ಕಿವಿ ನೆಲದಿಂದ ಸುಮಾರು 95 ಸೆಂ.ಮೀ. ಮೇಲಿರುತ್ತದೆ. ಸ್ಪೀಕರ್ 45 ಸೆಂ.ಮೀ. ಎತ್ತರದಲ್ಲಿ, ನೀವು 3 ಮೀಟರ್ ದೂರದಲ್ಲಿ ಇದ್ದೀರಿ ಎಂದುಕೊಳ್ಳಿ. ಆಗ ಬೇಕಾದ ಓರೆ ಒಂಬತ್ತೂವರೆ ಡಿಗ್ರಿ. ಪೆಟ್ಟಿಗೆ 25 ಸೆಂ.ಮೀ. ಆಳವಿದ್ದರೆ ಮುಂಭಾಗವನ್ನು ಸುಮಾರು 4 ಸೆಂ.ಮೀ. ಎತ್ತಬೇಕು. ಬಾಗಿಲಿಗೆ ಕೊಡುವ ರಬ್ಬರ್ ಬೆಣೆ ಎರಡು ಸಾಕು. ರಬ್ಬರ್ ಆದ್ದರಿಂದ ಹಲಗೆಯ ನಡುಕವೂ ತಗ್ಗುತ್ತದೆ. ಅಳತೆಯ ರಗಳೆ ಬೇಡವೆಂದರೆ ಒಂದು ಪುಟ್ಟ ಕನ್ನಡಿಯನ್ನು ಟ್ವೀಟರ್ ಇರುವ ಜಾಗದಲ್ಲಿ ಸ್ಪೀಕರ್ ಮುಖಕ್ಕೆ ಚಪ್ಪಟೆಯಾಗಿ ಹಿಡಿಯಲು ಮನೆಯವರಿಗೆ ಹೇಳಿ, ನೀವು ನಿಮ್ಮ ಜಾಗದಲ್ಲಿ ಕೂತುಕೊಳ್ಳಿ. ಕನ್ನಡಿಯಲ್ಲಿ ನಿಮ್ಮದೇ ಮುಖ ಕಂಡರೆ ಗುರಿ ಸರಿ. ಎದೆ ಕಂಡರೆ ಇನ್ನಷ್ಟು ಎತ್ತಿ.

ನಡುವೆ ಗಾಜಿನ ಟೀಪಾಯ್ ಇದ್ದರೆ ಸಿನಿಮಾ ಹೊತ್ತಿಗೆ ಪಕ್ಕಕ್ಕೆ ಸರಿಸಿ, ಇಲ್ಲವೇ ಮೇಲೊಂದು ದಪ್ಪ ಬಟ್ಟೆ ಹಾಸಿ. ನಮ್ಮ ಮನೆಗಳಲ್ಲಿ ವಿಟ್ರಿಫೈಡ್ ಟೈಲ್ಸ್, ಸಿಮೆಂಟ್ ಗೋಡೆ, ಗಾಜಿನ ಶೋಕೇಸ್ ಎಲ್ಲವೂ ಶಬ್ದವನ್ನು ಹಿಂದಕ್ಕೆ ಎಸೆಯುವಂಥವೇ. ಸ್ಪೀಕರಿಗೂ ಸೋಫಾಕ್ಕೂ ನಡುವೆ ನೆಲಕ್ಕೆ ದಪ್ಪ ಜಮಖಾನವನ್ನು ಎರಡು ಪದರ ಹಾಸಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಇಷ್ಟಾದ ಮೇಲೂ ರಾತ್ರಿ ಮಕ್ಕಳು ಮಲಗಿದಾಗ ತೊಂದರೆಯೆನಿಸಿದರೆ ರಿಸೀವರ್‌ನಲ್ಲಿ (ಎಲ್ಲ ಸ್ಪೀಕರಿಗೂ ಶಬ್ದ ಹಂಚುವ ಆಂಪ್ಲಿಫೈಯರ್ ಪೆಟ್ಟಿಗೆ) ‘ನೈಟ್ ಮೋಡ್’ ಅಥವಾ ‘ಡೈನಾಮಿಕ್ ರೇಂಜ್’ ಎಂಬ ಆಯ್ಕೆ ಹುಡುಕಿ. ಜೋರು ಸದ್ದನ್ನು ತಗ್ಗಿಸಿ ಮೆಲುದನಿಯನ್ನು ಎತ್ತುವುದು ಅದರ ಕೆಲಸ. ಹಗಲು ಅದನ್ನು ಆಫ್ ಮಾಡಿ, ಚಿತ್ರದ ಏರಿಳಿತವೆಲ್ಲ ಸಪಾಟಾಗುವುದು ಬೇಡ.

ಪ್ರಶ್ನೆ: ಸೆಂಟರ್‌ನಿಂದ ಸದ್ದೇ ಬರುತ್ತಿಲ್ಲ. ಉಳಿದ ನಾಲ್ಕೂ ಸರಿಯಾಗಿವೆ. (ಉಡುಪಿ)

ಉತ್ತರ: ರಿಸೀವರ್ ಮೆನುವಿನಲ್ಲಿ ಟೆಸ್ಟ್ ಟೋನ್ ಹಾಕಿ. ಸೆಂಟರ್‌ನಿಂದ ‘ಶ್ಶ್’ ಎಂದು ಕೇಳಿದರೆ ಸ್ಪೀಕರ್, ವೈರ್, ಆಂಪ್ಲಿಫೈಯರ್ ಮೂರೂ ಚೆನ್ನಾಗಿವೆ, ತಪ್ಪು ಸೆಟ್ಟಿಂಗ್‌ನಲ್ಲಿದೆ. ‘ಸ್ಟೀರಿಯೊ’ ಅಥವಾ ‘ಡೈರೆಕ್ಟ್’ ಮೋಡ್‌ನಲ್ಲಿದ್ದು ಒಳಬರುವ ಸಿಗ್ನಲ್ ಎರಡೇ ಚಾನೆಲ್‌ದಾಗಿದ್ದರೆ ಸೆಂಟರ್ ಸುಮ್ಮನಿರುತ್ತದೆ. ಟಿವಿಯ ಆಡಿಯೊ ಔಟ್‌ಪುಟ್ ‘ಪಿಸಿಎಂ’ ಎಂದಿದ್ದರೆ ಎಆರ್‌ಸಿ (ಟಿವಿಯ ಶಬ್ದವನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ರಿಸೀವರಿಗೆ ಕಳಿಸುವ ದಾರಿ) ಅಥವಾ ಆಪ್ಟಿಕಲ್ ಕೇಬಲ್‌ನಲ್ಲಿ ಎರಡೇ ಚಾನೆಲ್ ಹರಿಯುವುದು. ಅದನ್ನು ‘ಬಿಟ್‌ಸ್ಟ್ರೀಮ್’, ‘ಪಾಸ್‌ಥ್ರೂ’ ಅಥವಾ ‘ಆಟೊ’ಗೆ ಬದಲಿಸಿ. ಸೆಟ್‌ಟಾಪ್ ಬಾಕ್ಸ್‌ನ ಮೆನುವಿನಲ್ಲೂ ಡಾಲ್ಬಿ ಆಯ್ಕೆ ಇದ್ದರೆ ಆನ್ ಮಾಡಿ. ಚಾನೆಲೇ ಸ್ಟೀರಿಯೊ ಬಿತ್ತರಿಸುತ್ತಿದ್ದರೆ ರಿಸೀವರ್‌ನಲ್ಲಿ ‘ಡಾಲ್ಬಿ ಸರೌಂಡ್’, ‘ಪ್ರೊ ಲಾಜಿಕ್’ ಅಥವಾ ‘ಡಿಟಿಎಸ್ ನ್ಯೂರಲ್’ ಮೋಡ್ ಹಾಕಿ. ಎಡಬಲ ಎರಡರಲ್ಲೂ ಸಮನಾಗಿರುವ ದನಿಯನ್ನು ಅದು ನಡುವಿಗೆ ತಂದುಕೊಡುತ್ತದೆ.

ಓಟಿಟಿಯಲ್ಲಿ ಇನ್ನೊಂದನ್ನು ಗಮನಿಸಿ: ಒಂದೇ ಚಿತ್ರದ ಒಂದು ಭಾಷೆಯ ಟ್ರ್ಯಾಕ್ 5.1, ಇನ್ನೊಂದು ಬರೀ ಸ್ಟೀರಿಯೊ ಇರುವುದುಂಟು. ಭಾಷೆ ಬದಲಿಸಿ ರಿಸೀವರ್‌ನ ಇನ್ಫೊ ಬಟನ್ ಒತ್ತಿದರೆ ಒಳಬರುವ ಸಿಗ್ನಲ್ ಯಾವುದೆಂದು ತೋರಿಸುತ್ತದೆ.

ಟೆಸ್ಟ್ ಟೋನೂ ಬರದಿದ್ದರೆ ಸ್ಪೀಕರ್ ಸೆಟಪ್‌ನಲ್ಲಿ ಸೆಂಟರ್ ‘ನನ್’ (ಇಲ್ಲ) ಎಂದಿದೆಯೇ ನೋಡಿ. ಅದಲ್ಲವಾದರೆ ರಿಸೀವರ್ ಆಫ್ ಮಾಡಿ, ಎಡ ಸ್ಪೀಕರಿನ ವೈರನ್ನು ಸೆಂಟರ್ ಪೆಟ್ಟಿಗೆಗೆ ಹಾಕಿ ನೋಡಿ. ಸದ್ದು ಬಂದರೆ ಹಳೆಯ ವೈರ್ ಅಥವಾ ರಿಸೀವರ್‌ನ ಆ ಚಾನೆಲ್ ಕೆಟ್ಟಿದೆ.

ಪ್ರಶ್ನೆ: ಸೋಫಾದ ನಡುವೆ ಕೂತರೆ ಮಾತು ಸ್ಪಷ್ಟ. ತುದಿಯಲ್ಲಿ ಕೂರುವ ಅಮ್ಮನಿಗೆ ದನಿ ಟೊಳ್ಳಾಗಿ ಕೇಳುತ್ತದೆಯಂತೆ. ಎರಡು ವೂಫರ್ (ತಗ್ಗು ಮತ್ತು ನಡುವಿನ ಸದ್ದು ನುಡಿಸುವ ದೊಡ್ಡ ಕೋನ್), ನಡುವೆ ಟ್ವೀಟರ್ ಇರುವ ಅಡ್ಡ ಪೆಟ್ಟಿಗೆ ನಮ್ಮದು. (ಬೆಂಗಳೂರು)

ಉತ್ತರ: ಅಮ್ಮ ಹೇಳುತ್ತಿರುವುದು ಸರಿ. ಇದು ಅವರ ಕಿವಿಯ ದೋಷವಲ್ಲ, ಅಡ್ಡ ಪೆಟ್ಟಿಗೆಯ ಹುಟ್ಟುಗುಣ. ನಡುವೆ ಕೂತವರಿಗೆ ಎರಡೂ ವೂಫರ್ ಸಮದೂರ. ತುದಿಯವರಿಗೆ ಒಂದು ಹತ್ತಿರ, ಒಂದು ದೂರ. ವೂಫರ್‌ಗಳ ಕೇಂದ್ರಗಳ ನಡುವೆ 30 ಸೆಂ.ಮೀ. ಇದ್ದು, ಕೂರುವ ಜಾಗ 30 ಡಿಗ್ರಿ ಓರೆಯಲ್ಲಿದ್ದರೆ ದೂರದ ವ್ಯತ್ಯಾಸ 15 ಸೆಂ.ಮೀ. ಅದು ಸುಮಾರು 1,140 ಹರ್ಟ್ಸ್ ಶಬ್ದದ ಅರ್ಧ ತರಂಗ. ಒಂದು ವೂಫರ್ ಗಾಳಿಯನ್ನು ತಳ್ಳಿದ್ದನ್ನು ಇನ್ನೊಂದು ಎಳೆದಂತಾಗಿ ಆ ಭಾಗವೇ ಅಳಿಸಿಹೋಗುತ್ತದೆ. ಮಾತಿನ ಹುರುಳಿರುವುದು ಅಲ್ಲೇ.

ಕೋನ ಕಡಿಮೆಯಾದಷ್ಟೂ ಈ ಹೊಂಡ ಮಾತಿನ ಮುಖ್ಯ ಭಾಗದಿಂದ ಮೇಲಕ್ಕೆ ಸರಿಯುತ್ತದೆ. ಆದ್ದರಿಂದ ಸೋಫಾವನ್ನು ಒಂದಡಿ, ಎರಡಡಿ ಹಿಂದೆ ಸರಿಸಿ ನೋಡಿ. ಹಿಂಗೋಡೆಗೆ ಅಂಟಿಸಬೇಡಿ, ಬಾಸ್ ಉಬ್ಬುತ್ತದೆ. ಹೊಸದು ಕೊಳ್ಳುವ ದಿನ ಬಂದರೆ, ನಡುವೆ ಟ್ವೀಟರ್ ಮೇಲೆ, ಅದರ ಕೆಳಗೆ ಪುಟ್ಟ ಮಿಡ್‌ರೇಂಜ್ (ನಡುವಿನ ಸದ್ದಿಗೆಂದೇ ಇರುವ ಕೋನ್), ಆಚೀಚೆ ವೂಫರ್ ಇರುವ ಮೂರು ದಾರಿಯ ವಿನ್ಯಾಸ ಆರಿಸಿ. ಅದರಲ್ಲಿ ಮಾತಿನ ಭಾಗವನ್ನು ಒಂದೇ ಮಿಡ್‌ರೇಂಜ್ ನುಡಿಸುವುದರಿಂದ ತುದಿಯ ಸೀಟಿಗೂ ನ್ಯಾಯ ಸಿಗುತ್ತದೆ. ಮನೆಯವರೆಲ್ಲ ಒಟ್ಟಿಗೆ ನೋಡುವ ಕಡೆ ವ್ಯಾಟ್‌ಗಿಂತ ಇದನ್ನೇ ಮೊದಲು ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಎಡಬಲ ದೊಡ್ಡ ಟವರ್ ಸ್ಪೀಕರ್ ಇವೆ. ಸೆಂಟರ್ ಬೇಕೇಬೇಕೆ? (ಹುಬ್ಬಳ್ಳಿ)

ಉತ್ತರ: ಒಬ್ಬರೇ, ಸರಿಯಾಗಿ ನಡುವೆ ಕೂತು ನೋಡುವುದಾದರೆ ಬೇಡ. ಮೆನುವಿನಲ್ಲಿ ಸೆಂಟರ್ ‘ನನ್’ ಮಾಡಿದರೆ ಮಾತು ಎರಡೂ ಟವರ್‌ಗಳಿಗೆ ಸಮನಾಗಿ ಹಂಚಿಹೋಗಿ ನಡುವಿನಿಂದ ಬಂದಂತೆ ಕೇಳುತ್ತದೆ. ಹೀಗೆ ಮಾಡದಿದ್ದರೆ ಸಂಭಾಷಣೆ ಇಲ್ಲದ ಸ್ಪೀಕರಿಗೆ ಹೋಗಿ ಮಾಯವಾಗುತ್ತದೆ, ಮರೆಯಬೇಡಿ.

ಆದರೆ ಒಂದಡಿ ಪಕ್ಕಕ್ಕೆ ಸರಿದರೂ ಹತ್ತಿರದ ಟವರ್‌ನ ಶಬ್ದ ಮೊದಲು ತಲುಪಿ, ಮಾತು ಪರದೆ ಬಿಟ್ಟು ಆ ಟವರ್‌ಗೆ ಓಡುತ್ತದೆ. ಅಮೆರಿಕದ ದೂರವಾಣಿ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನವರು 1933ರ ಏಪ್ರಿಲ್ 27ರಂದು ಫಿಲಡೆಲ್ಫಿಯಾದ ವಾದ್ಯವೃಂದವನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ಕಳಿಸಿ ಕೇಳಿಸಿದಾಗಲೇ ಎಡ, ನಡು, ಬಲ ಎಂದು ಮೂರು ಚಾನೆಲ್ ಬಳಸಿದ್ದರು. ಅಗಲವಾದ ಸಭಾಂಗಣದಲ್ಲಿ ಎಲ್ಲ ಸೀಟಿಗೂ ನಡುವಿನ ಶಬ್ದ ನಡುವೆಯೇ ನಿಲ್ಲಲು ಅಲ್ಲಿ ನಿಜವಾದ ಸ್ಪೀಕರೇ ಬೇಕು. ಇನ್ನೊಂದು ಮಾತು: ನಡುವೆ ಕೂತರೂ ಎಡ ಸ್ಪೀಕರಿನ ಶಬ್ದ ಬಲ ಕಿವಿಗೆ ಕಾಲು ಮಿಲಿಸೆಕೆಂಡಿನಷ್ಟು ತಡವಾಗಿ ಬರುವುದರಿಂದ, 2,000 ಹರ್ಟ್ಸ್ ಆಸುಪಾಸಿನಲ್ಲಿ ಒಂದು ತಗ್ಗು ಬೀಳುತ್ತದೆ. ನಿಜವಾದ ಸೆಂಟರ್ ಇದ್ದರೆ ಆ ತಗ್ಗು ಇರುವುದಿಲ್ಲ. ಮನೆಯಲ್ಲಿ ನಾಲ್ಕು ಜನರಿದ್ದರೆ ಹಾಕಿಸಿ.

ಪ್ರಶ್ನೆ: ಹಳೆಯ ರೆಡಿಮೇಡ್ ಸೆಟ್‌ನ ಸೆಂಟರನ್ನು ಹೊಸ ರಿಸೀವರಿಗೆ ಹಾಕಬಹುದೇ? ಇಲ್ಲವೇ ಒಂದು ಬುಕ್‌ಶೆಲ್ಫ್ ಸ್ಪೀಕರ್ (ನಿಲ್ಲಿಸಿ ಇಡುವ ಪುಟ್ಟ ಪೆಟ್ಟಿಗೆ) ಸಾಕೇ? (ಶಿವಮೊಗ್ಗ)

ಉತ್ತರ: ಹಳೆಯದರ ಬೆನ್ನ ಮೇಲಿನ ಓಮ್ ಸಂಖ್ಯೆ ಓದಿ. ಅಂಥ ಸೆಟ್‌ಗಳಲ್ಲಿ 3 ಅಥವಾ 4 ಓಮ್ ಸಾಮಾನ್ಯ. ನಿಮ್ಮ ರಿಸೀವರ್ ಹಿಂದೆ ಕನಿಷ್ಠ 6 ಓಮ್ ಎಂದು ಬರೆದಿದ್ದರೆ ಹಾಕಬೇಡಿ; ಬಿಸಿಯಾಗಿ ‘ಪ್ರೊಟೆಕ್ಟ್’ ಎಂದು ಬಂದ್ ಆಗುತ್ತದೆ, ಕೆಟ್ಟರೆ ದುಬಾರಿ.

ಬುಕ್‌ಶೆಲ್ಫ್ ಒಳ್ಳೆಯ ಯೋಚನೆ, ಅದರಲ್ಲೂ ಎಡಬಲದ್ದೇ ಕಂಪನಿ, ಅದೇ ಸರಣಿಯದ್ದಾದರೆ. ಕಾರು ಎಡದಿಂದ ಬಲಕ್ಕೆ ಹೋದಾಗ ನಡುವೆ ಅದರ ಎಂಜಿನ್ ಸದ್ದೇ ಬದಲಾಗಬಾರದು. ಅದಕ್ಕೆ ಟ್ವೀಟರ್ ಹೊಂದಬೇಕು. ನಿಲ್ಲಿಸಿಯೇ ಇಡಿ, ಮಲಗಿಸಿದರೆ ಬೆಂಗಳೂರಿನವರ ತೊಂದರೆ ನಿಮಗೂ ಬರುತ್ತದೆ.

ಪ್ರಶ್ನೆ: ರಿಸೀವರ್ ತಾನೇ ಸ್ಪೀಕರ್‌ಗಳನ್ನು ಅಳೆದು ಹೊಂದಿಸುವ ಆಟೊ ಸೆಟಪ್, ಮೈಕ್ ಇಟ್ಟು ಮಾಡಿದೆವು. ಮೊದಲಿಗಿಂತ ಕೆಟ್ಟಿತು ಎನಿಸುತ್ತಿದೆ. (ಮೈಸೂರು)

ಉತ್ತರ: ಮೈಕನ್ನು ಸೋಫಾದ ಬೆನ್ನಿನ ಮೇಲಿಟ್ಟು ಅಥವಾ ಕೈಯಲ್ಲಿ ಹಿಡಿದು ಮಾಡಿದ್ದರೆ ಅದು ಸೋಫಾವನ್ನೇ ಅಳೆದಿರುತ್ತದೆ. ಕ್ಯಾಮೆರಾ ಟ್ರೈಪಾಡ್‌ಗೆ ಸಿಕ್ಕಿಸಿ, ಕಿವಿಯ ಎತ್ತರಕ್ಕೆ, ಸೋಫಾದ ಬೆನ್ನಿನಿಂದ ಒಂದು ಗೇಣು ಮುಂದಕ್ಕೆ ನಿಲ್ಲಿಸಿ. ಫ್ಯಾನ್, ಎಸಿ ಆಫ್. ಕುಕ್ಕರ್ ಕೂಗದ ಹೊತ್ತು ನೋಡಿ ಶುರು ಮಾಡಿ. ಹಲವು ಜಾಗ ಕೇಳಿದರೆ ಅಷ್ಟನ್ನೂ ಕೊಡಿ, ಆದರೆ ಮೊದಲ ಅಳತೆ ಮುಖ್ಯ ಸೀಟಿನದ್ದೇ ಆಗಿರಲಿ. ದೂರದ ಲೆಕ್ಕ ಅದರ ಮೇಲೆ ನಿಲ್ಲುತ್ತದೆ.

ಮುಗಿದ ಮೇಲೆ ಮೆನುವಿಗೆ ಹೋಗಿ ಪರೀಕ್ಷಿಸಿ. ಸೆಂಟರನ್ನು ‘ಲಾರ್ಜ್’ ಮಾಡಿದ್ದರೆ ‘ಸ್ಮಾಲ್’ ಮಾಡಿ, ಕ್ರಾಸೋವರ್ (ಇದಕ್ಕಿಂತ ತಗ್ಗಿನ ಸದ್ದು ಸಬ್‌ವೂಫರ್‌ಗೆ ಹೋಗುವ ಗಡಿ) 80 ಹರ್ಟ್ಸ್‌ಗೆ ಇಡಿ. ವೂಫರ್ 4 ಇಂಚಿನದಾದರೆ 100ರಿಂದ 120. ಅದಕ್ಕೂ ಮೇಲೆ, 150-200ಕ್ಕೆ ಹೋದರೆ ಗಂಡುದನಿಯ ತಳ ಸಬ್‌ವೂಫರ್‌ಗೆ ಜಾರಿ, ನಾಯಕ ಮೂಲೆಯಿಂದ ಮಾತಾಡಿದಂತಾಗುತ್ತದೆ. ಸೆಂಟರ್‌ನ ದೂರವನ್ನು ಟೇಪಿನಿಂದ ಅಳೆದು ಹೋಲಿಸಿ. ಶಬ್ದ ಒಂದು ಮಿಲಿಸೆಕೆಂಡಿಗೆ 34 ಸೆಂ.ಮೀ. ಸಾಗುತ್ತದೆ, ಅಡಿಗಟ್ಟಲೆ ವ್ಯತ್ಯಾಸವಿದ್ದರೆ ತಿದ್ದಿ. ಸಬ್‌ವೂಫರ್‌ದು ಮಾತ್ರ ಇರುವುದಕ್ಕಿಂತ ಹೆಚ್ಚು ದೂರ ತೋರಿಸಿದರೆ ಮುಟ್ಟಬೇಡಿ, ಅದರೊಳಗಿನ ಫಿಲ್ಟರ್‌ನ ವಿಳಂಬವೂ ಅದರಲ್ಲಿ ಸೇರಿದೆ.

ಕೈಯಿಂದ ಲೆವೆಲ್ ಸರಿಪಡಿಸುವುದಾದರೆ ಫೋನಿನ ಡೆಸಿಬೆಲ್ ಆ್ಯಪ್ ಸಾಕು. ಅದರ ಆಯ್ಕೆಗಳಲ್ಲಿ ‘ಸಿ ವೆಯ್ಟಿಂಗ್, ಸ್ಲೋ’ ಇಟ್ಟು, ಟೆಸ್ಟ್ ಟೋನ್ ಎಲ್ಲ ಸ್ಪೀಕರಿಗೂ 75 ತೋರಿಸುವಂತೆ ಮಾಡಿ. ಆ್ಯಪ್‌ನ ಅಂಕಿ ತುಸು ತಪ್ಪಿದ್ದರೂ ಚಿಂತೆಯಿಲ್ಲ, ಎಲ್ಲವೂ ಒಂದೇ ಅಂಕಿಗೆ ಬರುವುದು ಮುಖ್ಯ. ಮಾತಿಗೆಂದು ಸೆಂಟರನ್ನು ಒಂದೆರಡು ಡೆಸಿಬೆಲ್ ಏರಿಸಿದರೆ ತಪ್ಪಿಲ್ಲ. ಮೂರಕ್ಕಿಂತ ಹೆಚ್ಚು ಬೇಕಾಯಿತೆಂದರೆ ಜಾಗದಲ್ಲೋ ವೈರಿನಲ್ಲೋ ತಪ್ಪಿದೆ.

ಪ್ರಶ್ನೆ: ಮನೆಗೆ ಬಣ್ಣ ಹೊಡೆಸಿದಾಗ ಎಲ್ಲ ಬಿಚ್ಚಿ ಮತ್ತೆ ಜೋಡಿಸಿದೆವು. ಅಂದಿನಿಂದ ಸೆಂಟರ್ ಕಂಬಳಿ ಹೊದ್ದು ಮಾತಾಡಿದಂತಿದೆ. (ತುಮಕೂರು)

ಉತ್ತರ: ಪೆಟ್ಟಿಗೆಯ ಹಿಂದೆ ಎರಡಲ್ಲ, ನಾಲ್ಕು ಟರ್ಮಿನಲ್ ಇವೆಯೇ? ಇದ್ದರೆ ಮೇಲಿನ ಕೆಂಪನ್ನು ಕೆಳಗಿನ ಕೆಂಪಿಗೆ, ಮೇಲಿನ ಕಪ್ಪನ್ನು ಕೆಳಗಿನ ಕಪ್ಪಿಗೆ ಜೋಡಿಸುವ ಎರಡು ಪುಟ್ಟ ಲೋಹದ ಪಟ್ಟಿಗಳು ಇರಬೇಕು. ಬಿಚ್ಚುವಾಗ ಅವು ಕಳಚಿ ಎಲ್ಲೋ ಡಬ್ಬಿ ಸೇರಿರುತ್ತವೆ. ಪಟ್ಟಿಯಿಲ್ಲದೆ ಕೆಳಗಿನ ಜೋಡಿಗೆ ಮಾತ್ರ ವೈರ್ ಹಾಕಿದರೆ ವೂಫರ್ ನುಡಿಯುತ್ತದೆ, ಟ್ವೀಟರ್ ಮೂಕ. ಪಟ್ಟಿ ಸಿಗದಿದ್ದರೆ ತಾಮ್ರದ ತುಂಡು ವೈರ್ ಎರಡು ಹಾಕಿ ಬಿಗಿಯಾಗಿ ತಿರುಗಿಸಿ.

ಅದು ಸರಿಯಿದ್ದರೆ ಕೆಂಪು ಕಪ್ಪು ಅದಲುಬದಲಾಗಿದೆಯೇ ನೋಡಿ. ವೈರಿನ ಗುರುತು ಅಳಿಸಿಹೋಗಿದ್ದರೆ ರಿಸೀವರ್ ಕಡೆಯ ತುದಿಯನ್ನು ಪೂರ್ತಿ ಬಿಚ್ಚಿ, 1.5 ವೋಲ್ಟ್‌ನ ಪೆನ್ಸಿಲ್ ಸೆಲ್‌ಗೆ ಕ್ಷಣಮಾತ್ರ ತಾಗಿಸಿ. ವೂಫರ್ ಕೋನ್ ಹೊರಕ್ಕೆ ಪುಟಿದರೆ ಸೆಲ್‌ನ ಪ್ಲಸ್ ತಾಗಿದ ಎಳೆಯೇ ಕೆಂಪು. ವೈರ್ ರಿಸೀವರಿನಲ್ಲಿ ಇರುವಾಗ ಇದನ್ನು ಮಾಡಲೇಬಾರದು.

ವೈರ್ ಬದಲಿಸುವುದಾದರೆ ಐದಾರು ಮೀಟರಿಗೆ 1.5 ಸ್ಕ್ವೇರ್ ಎಂಎಂ ಅಚ್ಚ ತಾಮ್ರದ್ದು ಧಾರಾಳ. ಅಗ್ಗದ್ದರಲ್ಲಿ ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟಿರುತ್ತಾರೆ. ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಗೋಡೆಯೊಳಗೆ ಬಿಡುವುದಾದರೆ 230 ವೋಲ್ಟ್ ವೈರ್ ಇರುವ ಪೈಪಿನಲ್ಲಿ ಬೇಡ, ಇದಕ್ಕೇ ಬೇರೆ ಪೈಪ್ ಹಾಕಿಸಿ. ಬಿಡಿಸಿದ ತುದಿಯ ಎಳೆಗಳನ್ನು ಹೊಸೆದು ಟರ್ಮಿನಲ್ ತೂತಿಗೆ ಪೂರ್ತಿ ತೂರಿಸಿ. ಹೊರಗುಳಿದ ಒಂದು ಕೂದಲೆಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ರಿಸೀವರ್‌ಗೆ ಶಾರ್ಟ್ ಆಗುತ್ತದೆ.