ಮನೆಯಲ್ಲಿ ಒಂದು ಅಂಕಿ, ಆಸ್ಪತ್ರೆಯಲ್ಲಿ ಇನ್ನೊಂದು

ಪ್ರಶ್ನೆ: ನನಗೆ 52 ವರ್ಷ. ಮನೆಯಲ್ಲಿ ನೋಡಿಕೊಂಡರೆ ರಕ್ತದೊತ್ತಡ 126/80 ಇರುತ್ತದೆ, ಆಸ್ಪತ್ರೆಗೆ ಹೋದರೆ 150/94 ಎನ್ನುತ್ತಾರೆ. ಯಾವುದನ್ನು ನಂಬಲಿ? ಮಾತ್ರೆ ನಿಲ್ಲಿಸಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ನಿಲ್ಲಿಸಬೇಡಿ. ಮನೆಯ ಅಂಕಿ ಚೆನ್ನಾಗಿರುವುದು ಆ ಮಾತ್ರೆಯಿಂದಲೇ ಇರಬಹುದು.

ಎರಡೂ ಅಂಕಿಗಳು ನಿಜವಿರಬಹುದು. ಬಿಳಿ ಕೋಟು ಕಂಡೊಡನೆ ಒತ್ತಡ ಏರುವವರು ಬಹಳ ಮಂದಿ. ನನ್ನೆದುರು ಕುಳಿತವರಲ್ಲೂ ಅದನ್ನು ನೋಡುತ್ತಿರುತ್ತೇನೆ. ಆದರೆ ಅಳೆಯುವ ಬಗೆಯನ್ನು ನೀವು ಬರೆದಿಲ್ಲ, ನನ್ನ ಅನುಮಾನವಿರುವುದು ಅಲ್ಲಿಯೇ. ಕಾಲ ಮೇಲೆ ಕಾಲು ಹಾಕಿಕೊಂಡು ಮಾತನಾಡುತ್ತಾ ಅಳೆದರೆ ಅಂಕಿ ಹೆಚ್ಚು ಬರುತ್ತದೆ. ಸುತ್ತುವ ಪಟ್ಟಿ ತೋಳಿಗಿಂತ ತೀರಾ ದೊಡ್ಡದಾದರೆ ಕಡಿಮೆ. ಮೂತ್ರಕ್ಕೆ ಅವಸರವಾಗಿದ್ದರೂ ಒತ್ತಡ ಏರುತ್ತದೆ (ಸಂಕೋಚಕ್ಕೆ ಇದನ್ನು ಯಾರೂ ಹೇಳುವುದಿಲ್ಲ). ಬೆನ್ನಿಗೆ ಆಸರೆಯಿಟ್ಟು ಐದು ನಿಮಿಷ ಸುಮ್ಮನೆ ಕುಳಿತು, ಬರಿ ತೋಳಿಗೆ ಪಟ್ಟಿ ಸುತ್ತಿ, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ನೋಡಿ. ಬೆಳಿಗ್ಗೆ ಮಾತ್ರೆಗೆ ಮುಂಚೆ, ಮತ್ತೆ ಸಂಜೆ. ಒಂದು ವಾರ ಎಲ್ಲವನ್ನೂ ಬರೆದಿಡಿ, ನಿಮಗೆ ಹಿಡಿಸಿದ ಅಂಕಿಗಳನ್ನಷ್ಟೇ ಅಲ್ಲ! ಬರೆದಿಟ್ಟ ಆ ಅಂಕಿಗಳ ಜೊತೆಗೆ ಯಂತ್ರವನ್ನೂ ವೈದ್ಯರ ಬಳಿಗೆ ಒಯ್ದು, ಅಲ್ಲಿನ ಯಂತ್ರದೊಂದಿಗೆ ಹೋಲಿಸಿ ನೋಡಲು ಕೇಳಿ.