ಸ್ಕರ್ಟ್ ಯಾಕೆ ಅಂತ ಕೇಳಿದ ಹುಡುಗಿ

ಹೆಸರು, ಗುರುತು ಬದಲಿಸಿದ್ದೇನೆ. ಅವಳನ್ನು ಚೈತ್ರಾ ಎನ್ನೋಣ. 13 ವರ್ಷ, ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಎಂಟನೇ ತರಗತಿ. ಅಮ್ಮ ಅವಳನ್ನು ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆತಂದದ್ದು ಹೊಟ್ಟೆನೋವಿನ ಕಾರಣಕ್ಕೆ. ಸೋಮವಾರ ಬೆಳಗ್ಗೆ ಜಾಸ್ತಿ. ಸ್ಕ್ಯಾನಿಂಗ್‌ನಲ್ಲಿ ಏನೂ ಸಿಕ್ಕಿರಲಿಲ್ಲ. ಸೋಮವಾರ ಶಾಲೆಯಲ್ಲಿ ಅಸೆಂಬ್ಲಿ ಇರುತ್ತದೆ.

ಸ್ವಲ್ಪ ಸಲುಗೆ ಬೆಳೆದ ಮೇಲೆ ವಿಷಯ ಹೊರಬಂತು. ಶಾಲೆಯ ಗೋಡೆ ಪತ್ರಿಕೆಗೆ ಅವಳು ಅರ್ಧ ಪುಟ ಬರೆದಿದ್ದಳು. ಹುಡುಗರಿಗೆ ಪ್ಯಾಂಟ್, ನಮಗೆ ಸ್ಕರ್ಟ್ ಯಾಕೆ? ಬಿಎಂಟಿಸಿ ಬಸ್ ಹತ್ತುವಾಗ, ಮುಟ್ಟಿನ ದಿನಗಳಲ್ಲಿ, ಖೋಖೋ ಆಡುವಾಗ ಕಷ್ಟ ಆಗುತ್ತದೆ. ಕೇರಳದ ಬಾಲುಶ್ಶೇರಿಯ ಸರ್ಕಾರಿ ಶಾಲೆಯಲ್ಲಿ 2021ರಲ್ಲೇ ಪ್ಯಾಂಟ್ ಬಂದಿದೆ ಎಂದೂ ಹುಡುಕಿ ಬರೆದಿದ್ದಳು. ಬೈಗುಳ ಇಲ್ಲ, ಯಾರ ಹೆಸರೂ ಇಲ್ಲ. ಮುಖ್ಯಶಿಕ್ಷಕಿ ಅದನ್ನು ಕಿತ್ತು, ಅಸೆಂಬ್ಲಿಯಲ್ಲಿ ಅವಳನ್ನು ಮುಂದೆ ನಿಲ್ಲಿಸಿ, 'ಹೆಣ್ಮಕ್ಕಳಿಗೆ ಇಷ್ಟು ಬಾಯಿ ಇರಬಾರದು' ಎಂದರು.

ಅಪ್ಪನ ಮಾತು ಬೇರೆ. 'ನೀವೇ ಸ್ವಲ್ಪ ಬುದ್ಧಿ ಹೇಳಿ ಮೇಡಂ. ಇನ್ನೆರಡು ವರ್ಷದಲ್ಲಿ ಎಸ್‌ಎಸ್‌ಎಲ್‌ಸಿ. ಟೀಸಿ ಕೊಟ್ಟು ಕಳಿಸಿದ್ರೆ ಎಲ್ಲಿಗೆ ಹೋಗೋದು?' ಅವರ ಭಯ ಸುಳ್ಳಲ್ಲ. ಬೆಂಗಳೂರಿನಲ್ಲಿ ಸೀಟು ಸಿಗುವ ಕಷ್ಟ ಯಾರಿಗೆ ಗೊತ್ತಿಲ್ಲ? ಆದರೆ ಅವರು ಮಗಳಿಗೆ ಹೇಳಿದ್ದು 'ಸಾರಿ ಕೇಳು, ಮುಗೀತು' ಅಂತ. ಅಸೆಂಬ್ಲಿಗಿಂತ ಅದೇ ಅವಳಿಗೆ ಜಾಸ್ತಿ ನೋವು ಕೊಟ್ಟಿತ್ತು.

ಚೈತ್ರಾಗೆ ನಾನು ಹೇಳಿದ್ದು: ನಿಯಮ ಪಾಲಿಸುವುದು, ನಿಯಮ ಒಪ್ಪುವುದು, ಈ ಎರಡನ್ನೂ ನೀನು ಕಲಸಿಕೊಂಡಿದ್ದೀಯ. ನಿಯಮ ಇರುವವರೆಗೆ ಸ್ಕರ್ಟ್ ಹಾಕು, ಬೇಕಾದರೆ ಒಳಗೆ ಶಾರ್ಟ್ಸ್ ಹಾಕಿಕೋ. ಹಾಕಿದೆ ಅಂದರೆ ಒಪ್ಪಿದೆ ಅಂತ ಅಲ್ಲ. ಕೇಳಿದ್ದಕ್ಕೆ ಸಾರಿ ಹೇಳಬೇಕಿಲ್ಲ.

ಯೂನಿಫಾರ್ಮ್ ನಿಗದಿ ಮಾಡುವ ಅಧಿಕಾರ ಶಾಲೆಗಿದೆ, ಇದನ್ನು ಅವಳಿಂದ ಮುಚ್ಚಿಡಲಿಲ್ಲ. ಹಿಜಾಬ್ ಪ್ರಕರಣದಲ್ಲಿ ನಮ್ಮ ಹೈಕೋರ್ಟ್ 2022ರ ಮಾರ್ಚ್‌ನಲ್ಲಿ ಸಮವಸ್ತ್ರದ ಪರ ತೀರ್ಪು ಕೊಟ್ಟಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಬರೆದರು. ದೊಡ್ಡವರಿಗೇ ಒಮ್ಮತವಿಲ್ಲದ ವಿಷಯದಲ್ಲಿ ಮಗು ಪ್ರಶ್ನೆ ಎತ್ತಿದರೆ ಅದು ಉದ್ಧಟತನ ಹೇಗಾಗುತ್ತದೆ? 1986ರ ಬಿಜೋ ಇಮ್ಯಾನುಯೆಲ್ ಪ್ರಕರಣವನ್ನೂ ಹೇಳಿದೆ. ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತಿದ್ದರು, ತಮ್ಮ ಧರ್ಮದ ಕಾರಣಕ್ಕೆ ಹಾಡಲಿಲ್ಲ ಅಷ್ಟೆ. ಶಾಲೆ ಹೊರಹಾಕಿತು. ಅದು ಸರಿಯಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಚೈತ್ರಾ ಇದನ್ನು ತುಂಬಾ ಗಮನ ಕೊಟ್ಟು ಕೇಳಿದಳು.

ಅಪ್ಪ, ಅಮ್ಮನಿಗೆ: ಮೊದಲು ಮನೆಯಲ್ಲಿ 'ನೀನು ತಪ್ಪು ಮಾಡಿಲ್ಲ' ಎಂದು ಬಾಯಿಬಿಟ್ಟು ಹೇಳಿ. ಶಾಲೆಗೆ ಜಗಳಕ್ಕೆ ಹೋಗಬೇಡಿ, ಪತ್ರ ಬರೆದುಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಸ್ಕರ್ಟಿನ ವಿಷಯ ಪೋಷಕರ ಸಭೆಗೆ ಬರಲಿ. ಎಲ್ಲರೆದುರು ಅವಮಾನ ಮಾಡಿದ್ದನ್ನು ಬೇರೆಯಾಗಿ ಬರೆಯಿರಿ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಉತ್ತರ ಬಾರದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದೆ, 1098 ಸಹಾಯವಾಣಿ ಇದೆ.

ಪತ್ರವನ್ನು ಕೊನೆಗೆ ಅಪ್ಪನೇ ಬರೆದರು. ಶಾಲೆ ಆಟದ ಪೀರಿಯಡ್ ಇರುವ ದಿನ ಟ್ರ್ಯಾಕ್ ಪ್ಯಾಂಟ್ ಒಪ್ಪಿದೆ. ಉಳಿದ ದಿನಗಳ ಮಾತು ಮುಂದಿನ ಪೋಷಕರ ಸಭೆಗೆ ಬರಲಿದೆ. ಮುಖ್ಯಶಿಕ್ಷಕಿ ಚೈತ್ರಾಳನ್ನು ಕರೆದು ಮಾತಾಡಿಲ್ಲ. ಹಾಗೆ ಮಾತಾಡಬೇಕೆಂದು ನಾನು ಇನ್ನೂ ಕೇಳುತ್ತಲೇ ಇದ್ದೇನೆ. ಹೊಟ್ಟೆನೋವು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಭೇಟಿಗಳು ಮುಂದುವರಿದಿವೆ.