ಎಂ.ಎ. ಇಂಗ್ಲಿಷ್‌ಗೆ ಗೈಡ್ ಸಾಕಾ, ರೆಫರೆನ್ಸ್ ಪುಸ್ತಕಗಳೂ ಬೇಕಾ?

ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಬೆಂಗಳೂರಿನಲ್ಲಿ ಎಂ.ಎ. ಇಂಗ್ಲಿಷ್ ಸೇರಿದ್ದೀರಿ. ಕ್ಲಾಸಿನಲ್ಲಿ ಎರಡು ಪುಟದ ರೆಫರೆನ್ಸ್ ಪಟ್ಟಿ ಕೊಟ್ಟಿದ್ದಾರೆ. ಅದನ್ನೆಲ್ಲ ಕೊಂಡು ಓದಬೇಕಾ, ಇಲ್ಲ ಗೈಡ್ ಸಾಕಾ ಅಂತ ಕೇಳಿದ್ದೀರಿ.

ಎಲ್ಲ ಕೊಳ್ಳಬೇಡಿ. ಪೂರ್ತಿ ಓದಲೂ ಹೋಗಬೇಡಿ. ಒಂದು ಅನುಮಾನ ಹಿಡಿದುಕೊಂಡು ಹೋಗಿ, ಅದು ತೀರಿದ ಮೇಲೆ ಮುಚ್ಚಿಡುವ ಪುಸ್ತಕಗಳು ಅವು. ಅನುಮಾನ ಮಾತ್ರ ನಿಮ್ಮದೇ ಆಗಿರಬೇಕು.

ನನಗೆ ಇದು ಗೊತ್ತಾಗಿದ್ದು ನಗೆಪಾಟಲಾದ ಮೇಲೆ. ನಾನೂ ಕನ್ನಡ ಮಾಧ್ಯಮದವನೇ. ಮೊದಲ ವರ್ಷ ಜೇನ್ ಆಸ್ಟಿನ್ ಅವರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಇತ್ತು. ಅದರಲ್ಲಿ ಎಲಿಜಬೆತ್ ತನ್ನ ಅಕ್ಕ ಜೇನ್‌ಳನ್ನು ‘ಕ್ಯಾಂಡಿಡ್’ ಅನ್ನುತ್ತಾಳೆ. ನನ್ನ ಪುಟ್ಟ ಡಿಕ್ಷನರಿಯಲ್ಲಿ ಅದಕ್ಕೆ ಮುಚ್ಚುಮರೆಯಿಲ್ಲದೆ ಮಾತಾಡುವ ಅಂತ ಅರ್ಥ ಇತ್ತು. ಸೆಮಿನಾರಿನಲ್ಲಿ ಎದ್ದು ನಿಂತು, ಜೇನ್ ಮುಖಕ್ಕೆ ಹೊಡೆದ ಹಾಗೆ ಮಾತಾಡುವ ಹುಡುಗಿ ಅಂದುಬಿಟ್ಟೆ. ಕಾದಂಬರಿ ಓದಿದವರಿಗೆ ಗೊತ್ತು, ಯಾರ ಬಗ್ಗೆಯೂ ಕೆಟ್ಟ ಮಾತು ಆಡದವಳು ಅವಳು. ಕ್ಲಾಸೆಲ್ಲ ನಕ್ಕಿತು. ಮೇಡಂ ಮಾತ್ರ ನಗದೆ, “1813ರಲ್ಲಿ ಆ ಪದದ ಅರ್ಥ ಏನಿತ್ತು, ನೋಡಿಕೊಂಡು ಬಾ” ಅಂದರು.

ಪದದ ಅರ್ಥಕ್ಕೂ ಇಸವಿ ಇರುತ್ತದೆ ಅಂತ ಅವತ್ತಿನವರೆಗೆ ನನಗೆ ಹೊಳೆದೇ ಇರಲಿಲ್ಲ.

ಲೈಬ್ರರಿಯಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ತೆಗೆದೆ. ಬ್ಯಾಗಿಗೆ ಹಿಡಿಸುವ ಆಕ್ಸ್‌ಫರ್ಡ್ ಅಲ್ಲ ಇದು. 1989ರ ಎರಡನೇ ಆವೃತ್ತಿಗೆ 20 ಸಂಪುಟ. ಮೊದಲ ಆವೃತ್ತಿಯ ಮೊದಲ ಕಂತು ಬಂದಿದ್ದು 1884ರಲ್ಲಿ, ಕೆಲಸ ಮುಗಿದಿದ್ದು 1928ರಲ್ಲಿ. ಊರೂರಿನ ಓದುಗರು ಪುಸ್ತಕಗಳಿಂದ ವಾಕ್ಯಗಳನ್ನು ಚೀಟಿಯಲ್ಲಿ ಬರೆದು ಅಂಚೆಯಲ್ಲಿ ಕಳಿಸುತ್ತಿದ್ದರಂತೆ. ಅದಕ್ಕೇ ಅಲ್ಲಿ ಅರ್ಥದ ಜೊತೆಗೆ ಇಸವಿ, ಆ ಕಾಲದ ವಾಕ್ಯ ಎರಡೂ ಸಿಗುತ್ತವೆ. ‘ಕ್ಯಾಂಡಿಡ್’ ಪದದ ಲ್ಯಾಟಿನ್ ಮೂಲಕ್ಕೆ ಬಿಳಿ ಅಂತ ಅರ್ಥ. ಅಲ್ಲಿಂದ ಕಲ್ಮಶವಿಲ್ಲದ, ಇನ್ನೊಬ್ಬರಲ್ಲಿ ಒಳ್ಳೆಯದನ್ನೇ ಕಾಣುವ ಅನ್ನುವ ಅರ್ಥಗಳು. ಬೆಳ್ಳಗಿರೋದೆಲ್ಲ ಹಾಲು ಅಂತ ನಂಬುವವರು ನಮ್ಮಲ್ಲೂ ಇರ್ತಾರಲ್ವಾ? ಜೇನ್ ಅಂಥವಳು.

ಇನ್ನೂ ನಾಚಿಕೆಯ ವಿಷಯ ಅಂದರೆ, ಎಲ್ಲರ ಒಳ್ಳೆಯ ಗುಣವನ್ನು ಇನ್ನಷ್ಟು ದೊಡ್ಡದು ಮಾಡಿ, ಕೆಟ್ಟದ್ದರ ಬಗ್ಗೆ ಸುಮ್ಮನಿರುವವಳು ನೀನು ಅಂತ ಎಲಿಜಬೆತ್ ಅಲ್ಲೇ ಬಿಡಿಸಿ ಹೇಳಿದ್ದಾಳೆ. ನಾನು ಡಿಕ್ಷನರಿ ನೋಡುವ ಅವಸರದಲ್ಲಿ ಮುಂದಿನ ಸಾಲನ್ನೇ ಸರಿಯಾಗಿ ಓದಿರಲಿಲ್ಲ.

ಗೈಡ್ ಓದಿದ್ದರೆ? ಜೇನ್ ಒಳ್ಳೆಯ ಸ್ವಭಾವದವಳು ಅಂತ ಉರು ಹೊಡೆದಿರುತ್ತಿದ್ದೆ. ಯಾರೂ ನಗುತ್ತಿರಲಿಲ್ಲ. ಈ ಪದವೂ ಸಿಗುತ್ತಿರಲಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ನೋಡಿ, ನಾನೂ ನೋಡಿದ್ದೇನೆ.

ಇನ್ನು ದುಡ್ಡಿನ ವಿಷಯ. ಒಂದು ಒಳ್ಳೆಯ ಇಂಗ್ಲಿಷ್-ಇಂಗ್ಲಿಷ್ ಡಿಕ್ಷನರಿ, ಜೊತೆಗೆ ಎಂ.ಎಚ್. ಅಬ್ರಾಮ್ಸ್ ಅವರ ‘ಎ ಗ್ಲಾಸರಿ ಆಫ್ ಲಿಟರರಿ ಟರ್ಮ್ಸ್’ ಕೊಳ್ಳಿ. ಐರನಿ, ಸಾನೆಟ್ ಥರದ ಪದಗಳಿಗೆ ಅದು ಬೇಕೇ ಬೇಕು. 1957ರಿಂದ ಅದರ ಹಲವು ಆವೃತ್ತಿಗಳು ಬಂದಿವೆ. ಹಳೆಯದಾದರೂ ನಡೆಯುತ್ತದೆ. ಅವೆನ್ಯೂ ರೋಡಿನಲ್ಲೋ ಚರ್ಚ್ ಸ್ಟ್ರೀಟಿನಲ್ಲೋ ಸೆಕೆಂಡ್ ಹ್ಯಾಂಡ್ ಹುಡುಕಿ.

ದಪ್ಪ ಪುಸ್ತಕಗಳಿಗೆ ನಿಮ್ಮ ಕಾಲೇಜಿನ ಲೈಬ್ರರಿ, ಇಲ್ಲವೇ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯ. ರೆಫರೆನ್ಸ್ ವಿಭಾಗದ ಪುಸ್ತಕ ಸಾಮಾನ್ಯವಾಗಿ ಮನೆಗೆ ಕೊಡುವುದಿಲ್ಲ, ನೋಟ್‌ಬುಕ್ ಒಯ್ಯಿರಿ. ಆಕ್ಸ್‌ಫರ್ಡ್‌ನ ಆನ್‌ಲೈನ್ ಆವೃತ್ತಿಗೆ ಚಂದಾ ಕಟ್ಟಬೇಕು. ಕಾಲೇಜು ಕಟ್ಟಿದೆಯಾ ಅಂತ ಲೈಬ್ರರಿಯನ್ ಅವರನ್ನು ಕೇಳಿ. ಇಲ್ಲದಿದ್ದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಮೊದಲ ಆವೃತ್ತಿಯ ಸಂಪುಟಗಳ ಸ್ಕ್ಯಾನ್ ಪುಕ್ಕಟೆ ಇವೆ. ಸ್ಯಾಮ್ಯುಯೆಲ್ ಜಾನ್ಸನ್ ಅವರ 1755ರ ಡಿಕ್ಷನರಿಯೂ ಆನ್‌ಲೈನ್ ಇದೆ, ಆಸ್ಟಿನ್ ಕಾಲಕ್ಕೆ ಅದು ಇನ್ನೂ ಹತ್ತಿರ.

ವಿಕಿಪೀಡಿಯ ತಪ್ಪಲ್ಲ. ದಾರಿ ತಿಳಿಯಲು ನೋಡಿ, ಅಸೈನ್‌ಮೆಂಟಿನಲ್ಲಿ ಹೆಸರು ಹಾಕಬೇಡಿ.

ನಿಮ್ಮ ಪಟ್ಟಿಯಲ್ಲಿ ಬಹುಶಃ ಇಲ್ಲದ ಪುಸ್ತಕ ಒಂದಿದೆ, ಬಿ.ಎಂ.ಶ್ರೀ ಅವರ ‘ಇಂಗ್ಲಿಷ್ ಗೀತಗಳು’. ಅವರು ಇಂಗ್ಲಿಷ್ ಮೇಷ್ಟ್ರು. ನ್ಯೂಮನ್ ಅವರ ‘ಲೀಡ್, ಕೈಂಡ್ಲಿ ಲೈಟ್’ ಅವರ ಕೈಯಲ್ಲಿ ‘ಕರುಣಾಳು, ಬಾ, ಬೆಳಕೆ’ ಆಯಿತು. ‘ಲೀಡ್’ ಅನ್ನುವ ಕಡೆ ಅವರು ‘ಬಾ’ ಅಂದಿದ್ದಾರೆ. ಯಾಕೆ ಅಂತ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಂದು ಸಂಜೆ ಕೂತು ನೋಡಿ. ಡಿಕ್ಷನರಿಗೆ ಒಯ್ಯಲು ನಿಮ್ಮದೇ ನಾಲ್ಕು ಅನುಮಾನ ಸಿಕ್ಕೇ ಸಿಗುತ್ತವೆ.